ಎರಡು ಬ್ರೇಕಿನ ಕಾರು

ನಮ್ಮ ಅಸುಲ್ ಊರಿನಲ್ಲಿ ಕಾರು ಓಡಿಸುವ ಹೆಂಗಸರಲ್ಲಿ ಹೆಚ್ಚುಕಡಿಮೆ ಎಲ್ಲರೂ ಇರ್ಮಾ ಸಲಾಬೆರಿಯ ಕೈಯಲ್ಲಿ ಪಳಗಿದವರು. ಗಂಡ ಕಲಿಸಲು ಹೊರಟು ಎರಡನೆಯ ತಿರುವಿನಲ್ಲೇ ಬೈದು ಅಳಿಸಿದ್ದರಿಂದ ಇಳಿದು ನಡೆದುಕೊಂಡು ಮನೆಗೆ ಬಂದವರು, ‘ನಿನ್ನ ಕೈಲಾಗೋದಲ್ಲ ಬಿಡು’ ಎಂದು ಅಣ್ಣತಮ್ಮಂದಿರಿಂದ ಕೇಳಿಸಿಕೊಂಡವರು, ಗಂಡ ಹೋದ ಮೇಲೆ ಶೆಡ್ಡಿನಲ್ಲಿ ನಿಂತ ಕಾರನ್ನು ಏನು ಮಾಡುವುದೆಂದು ತೋಚದವರು, ಎಲ್ಲರೂ ಕೊನೆಗೆ ತಟ್ಟುತ್ತಿದ್ದದ್ದು ಅವಳ ಬಾಗಿಲನ್ನು. ನಾನೂ ಹಾಗೆ ತಟ್ಟಿದವಳೇ. ಅವಳ ಮನೆಯ ಎದುರು ಗುಂಡಿ, ದಾರ, ಲೇಸು ಮಾರುವ ಅಂಗಡಿ ನನ್ನದು. ಈಗ ಹೇಳುವುದರಲ್ಲಿ ಸ್ವಲ್ಪ ನಾನು ಅಂಗಡಿಯ ಗಾಜಿನ ಹಿಂದೆ ನಿಂತು ಕಂಡದ್ದು. ಮಿಕ್ಕಿದ್ದು ಆಮೇಲೆ ಅವಳೇ ಕೂತು ಹೇಳಿದ್ದು.

ಇರ್ಮಾ ಮದುವೆಯಾಗಲಿಲ್ಲ. ಹುಡುಗಿಯಾಗಿದ್ದಾಗಲೇ ಟೆಲಿಫೋನ್ ಎಕ್ಸ್‌ಚೇಂಜಿಗೆ ಸೇರಿ, ಊರಿನ ಜನರನ್ನು ಮುಖಕ್ಕಿಂತ ದನಿಯಿಂದ ಗುರುತಿಸುವುದನ್ನು ಕಲಿತಳು. ಬೀದಿಯಲ್ಲಿ ಎದುರಾದವರು ಬಾಯಿ ಬಿಟ್ಟ ಮೇಲೆಯೇ ಅವಳಿಗೆ ಅವರು ಯಾರೆಂದು ತಿಳಿಯುತ್ತಿತ್ತು. ಮುಂದೆ ಎಕ್ಸ್‌ಚೇಂಜು ತಾನಾಗಿಯೇ ನಡೆಯುವಂತಾದಾಗ ಅಲ್ಲಿದ್ದ ಹೆಂಗಸರ ಕೈಗೆ ಒಂದಿಷ್ಟು ಕೊಟ್ಟು ಮನೆಗೆ ಕಳಿಸಿದರು. ಬೇರೆಯವರು ಆ ದುಡ್ಡಿನಲ್ಲಿ ಮನೆಗೆ ಬಣ್ಣ ಬಳಿಸಿದರೆ, ಇರ್ಮಾ ಒಂದು ರೆನೋ ಕಾರು ತಂದಳು. ಹಾಲು ಹೆಚ್ಚಾದ ಕಾಫಿಯ ಬಣ್ಣದ್ದು. ರೈಲ್ವೆ ಗೇಟಿನ ಹತ್ತಿರದ ಮೆಕ್ಯಾನಿಕ್ಕಿಗೆ ಹೇಳಿ, ಬಲಗಡೆಯ ಸೀಟಿನ ಮುಂದೆ ತನ್ನ ಕಾಲಿಗೂ ಒಂದು ಬ್ರೇಕು, ಒಂದು ಕ್ಲಚ್ಚು ಹಾಕಿಸಿಕೊಂಡಳು. ಕಲಿಯುವವರು ಎಡಗಡೆ ಸ್ಟಿಯರಿಂಗ್ ಹಿಡಿದು ಬೆವರುತ್ತಿದ್ದರೆ ಇವಳು ಬಲಗಡೆ ಕೈ ಕಟ್ಟಿ ಕೂತಿರುತ್ತಿದ್ದಳು. ಬೈದವಳಲ್ಲ. ಎಂಜಿನ್ ನರಳಿದರೆ ಸಾಕು, ಕಣ್ಣು ರಸ್ತೆಯಿಂದ ತೆಗೆಯದೆ “ಎರಡನೇ ಗೇರು” ಎನ್ನುತ್ತಿದ್ದಳು, ಅಷ್ಟೆ. ಎಂಥ ಮಂಜು ಬಿದ್ದ ಬೆಳಗಾದರೂ ತನ್ನ ಕಡೆಯ ಕಿಟಕಿಯನ್ನು ಅರ್ಧ ಇಳಿಸಿಯೇ ಇಡುತ್ತಿದ್ದಳು. ನಾವೆಲ್ಲ ಚಳಿಗೆ ಹಲ್ಲು ಕಟಕಟಿಸುತ್ತಲೇ ಕಲಿತೆವು.

ತೊಂಬತ್ತೊಂಬತ್ತರ ಜುಲೈನಲ್ಲಿ, ನಮ್ಮಲ್ಲಿ ಅದು ಚಳಿಗಾಲ, ಅವಳ ನೆಮ್ಮದಿ ಕೆಟ್ಟಿತು. ಹಳೆಯ ಕಾರು ಕೊಟ್ಟು ಹೊಸದು ಕೊಳ್ಳುವವರಿಗೆ ಸರಕಾರ ರಿಯಾಯಿತಿ ಕೊಡುತ್ತದೆಂದು ರೇಡಿಯೊದಲ್ಲಿ ಬಂದ ಸ್ವಲ್ಪ ದಿನಕ್ಕೇ ಷೋರೂಮಿನ ಫಾಬಿಯನ್ ಒರ್ಸಾತಿ ಅವಳನ್ನು ಹುಡುಕಿಕೊಂಡು ಬಂದ. ಅವನೂ ಅವಳ ಹತ್ತಿರವೇ ಕಾರು ಕಲಿತವನು. ನಾನಾಗ ಅವಳ ಅಡುಗೆಮನೆಯಲ್ಲಿ ಮಾಟೆ ಎಲೆಯ ಕಷಾಯ ಹೀರುತ್ತ ಕೂತಿದ್ದೆ.

“ದೋನ್ಯಾ ಇರ್ಮಾ,” ಎಂದು ಹಿರಿಯ ಹೆಂಗಸರಿಗೆ ಕೊಡುವ ಮರ್ಯಾದೆ ಕೊಟ್ಟೇ ಶುರು ಮಾಡಿದ, “ಇದು ನಿಮಗೋಸ್ಕರಾನೇ ಮಾಡಿದ ಹಾಗಿದೆ.” “ನಿಮ್ಮ ಮುದುಕೀನ ತಂದುಕೊಡಿ. ಅವರು ಜಜ್ಜಿ ಹಾಕ್ತಾರೆ, ಜಜ್ಜಿದ್ದಕ್ಕೆ ಒಂದು ಚೀಟಿ ಕೊಡ್ತಾರೆ. ಆ ಚೀಟಿ ತೋರಿಸಿದ್ರೆ ಹೊಸ ಕಾರಿನ ಬೆಲೇಲಿ ದೊಡ್ಡ ಪಾಲು ಹೋಗತ್ತೆ. ಉಳಿದದ್ದಕ್ಕೆ ಕಂತು. ಒಂದೇ ಷರತ್ತು, ಮುದುಕಿ ತನ್ನ ಕಾಲ ಮೇಲೆ ತಾನೇ ಬರಬೇಕು. ಎಳ್ಕೊಂಡು ತರೋ ಹಾಗಿಲ್ಲ.”

“ಅದು ಚೆನ್ನಾಗೇ ಓಡ್ತಿದೆಯಲ್ಲಪ್ಪ,” ಎಂದಳು ಇರ್ಮಾ.

“ಓಡತ್ತೆ, ಯಾರು ಇಲ್ಲ ಅಂದ್ರು. ಆದರೆ ಮುಂದಿನ ವರ್ಷದಿಂದ ಇಷ್ಟು ಹಳೇ ಕಾರಲ್ಲಿ ಕಲಿಸೋಕೆ ನಗರಸಭೆ ಬಿಡಲ್ವಂತೆ. ಪಕ್ಕದ ಊರು ಒಲಾವರ್ರಿಯಾದಿಂದ ಬಂದಿರೋ ಆ ಹೊಸ ಸ್ಕೂಲಿನವರು ಹೊಚ್ಚಹೊಸ ಕಾರಿಟ್ಕೊಂಡು ಕೂತಿದಾರೆ. ನೀವು ಬಿಟ್ಟುಕೊಡ್ತೀರಾ?” ಅವನು ಎದ್ದು ಬಾಗಿಲವರೆಗೆ ಹೋಗಿ ತಿರುಗಿದ. “ಕಾಗದಪತ್ರ ನಾನು ನೋಡ್ಕೋತೀನಿ. ಹೊಸ ಕಾರು ಅಂದ ಮೇಲೆ ಕಲಿಸೋ ಪರವಾನಗಿ ಹೊಸದಾಗಿ ಮಾಡಿಸ್ಬೇಕು. ಒಂದು ಕಣ್ಣು ಪರೀಕ್ಷೆ, ಅದೂ ಇದೂ. ನಿಮಗೇನು, ಹದ್ದಿನ ಕಣ್ಣು. ಈ ತಿಂಗಳ ಕೊನೆಯೊಳಗೆ ಹೇಳಿಬಿಡಿ.”

ಅವನು ಹೋದ ಮೇಲೆ ಇರ್ಮಾ ಕೆಟಲಿಗೆ ಮತ್ತೆ ನೀರು ತುಂಬಿಸಿದಳು. ಒಲೆ ಹಚ್ಚುವುದನ್ನು ಮರೆತಳು.

“ಕ್ಲೆಲಿಯಾ, ನೀನಾಗಿದ್ರೆ ಏನು ಮಾಡ್ತಿದ್ದೆ?”

“ಕೊಟ್ಟುಬಿಡ್ತಿದ್ದೆ ಕಣೆ. ಅದರ ಬಾಗಿಲು ಹಾಕ್ಬೇಕಾದ್ರೆ ಸೊಂಟದಿಂದ ಗುದ್ದಬೇಕು. ಇನ್ನೇನು ಯೋಚನೆ?”

ಅವಳು ಈಗ ಒಲೆ ಹಚ್ಚಿದಳು. ಮಾರನೆಯ ದಿನ ನನ್ನ ಅಂಗಡಿಗೆ ಬಂದು, ಏನೋ ಹೇಳಲು ಬಾಯಿ ತೆರೆದು, ಬಲಕ್ಕೆ ತಿರುಗುವಾಗ ಕೈ ತಾಗಿಸಿ ಕೌಂಟರಿನ ಮೇಲಿದ್ದ ಗುಂಡಿಯ ಪೆಟ್ಟಿಗೆಯನ್ನೇ ಕೆಡವಿದಳು. ಇಬ್ಬರೂ ಮಂಡಿಯೂರಿ ಆರಿಸಿದೆವು. ವಯಸ್ಸಾಯಿತು ನಮಗೆ ಎಂದು ನಾನು ನಕ್ಕೆ. ಅವಳು ನಗಲಿಲ್ಲ.

ವಿಷಯ ಇಷ್ಟು. ಅದರ ಹಿಂದಿನ ವರ್ಷದಿಂದ ಇರ್ಮಾಳಿಗೆ ಬಲಗಡೆ ಇದ್ದದ್ದು ಸರಿಯಾಗಿ ಕಾಣುತ್ತಿರಲಿಲ್ಲ. ನೇರ ನೋಡಿದರೆ ಎಲ್ಲ ಸ್ವಚ್ಛ. ಪೇಪರಿನ ಸಣ್ಣಕ್ಷರವನ್ನೂ ಓದುವಳು. ಆದರೆ ಬಲಗಡೆಯ ಅಂಚು ಸವೆದುಹೋದಂತಿತ್ತು. ಬಾಗಿಲಿನ ಚೌಕಟ್ಟಿಗೆ ಭುಜ ತಾಗುತ್ತಿತ್ತು, ಪಕ್ಕದಲ್ಲಿ ನಿಂತವರು ಮಾತಾಡಿದರೆ ಬೆಚ್ಚಿಬೀಳುತ್ತಿದ್ದಳು. ಯಾರಿಗೂ ಹೇಳಿರಲಿಲ್ಲ. ಡಾಕ್ಟರ ಬಳಿ ಹೋಗಿರಲಿಲ್ಲ. ಕೇಳಿದರೆ ತಾನೆ ಹೇಳಬೇಕು, ಹಳೆಯ ಕಾರು ಇರುವವರೆಗೆ ಕೇಳುವವರು ಯಾರೂ ಇಲ್ಲವಲ್ಲ ಎಂಬ ಧೈರ್ಯದಲ್ಲಿದ್ದಳು. ಈಗ ಕಾರು ಕೊಟ್ಟರೆ ಕಣ್ಣು ತೋರಿಸಬೇಕು. ಕೊಡದಿದ್ದರೆ ವರ್ಷ ತಿರುಗುವುದರೊಳಗೆ ಕಲಿಸುವುದನ್ನೇ ನಿಲ್ಲಿಸಬೇಕು. ಎರಡು ದಾರಿಯೂ ಒಂದೇ ಗೋಡೆಗೆ ಹೋಗಿ ನಿಲ್ಲುತ್ತಿದ್ದವು. ಬೆಳಿಗ್ಗೆ ಎದ್ದವಳೇ ಕಾರಿನ ಸುತ್ತ ತಿರುಗುವಳು, ಒರೆಸಿದ್ದನ್ನೇ ಒರೆಸುವಳು. ಊಟ ಸೇರುತ್ತಿರಲಿಲ್ಲ.

ಒಮ್ಮೆ ಓಡಿಸಿ ನೋಡಿ ಎಂದು ಫಾಬಿಯನ್ ಹೊಸ ಕಾರನ್ನೇ ಮನೆಯ ಮುಂದೆ ತಂದು ನಿಲ್ಲಿಸಿದ. ನೀನೇ ಓಡಿಸು, ನಾನು ನನ್ನ ಜಾಗದಲ್ಲಿ ಕೂರ್ತೀನಿ ಎಂದು ಅವಳು ಬಲಗಡೆ ಹತ್ತಿದಳು. ಹೀಟರ್ ಹಾಕಿ ಗಾಜೆಲ್ಲ ಏರಿಸಿದ್ದ. ಚೌಕ ದಾಟಿದ ಮೇಲೆ ಅವಳು ಕೇಳಿದಳು:

“ಎಂಜಿನ್ ನಡೀತಾ ಇದೆಯೇನಪ್ಪ?”

“ನೋಡಿದ್ರಾ, ಬೆಣ್ಣೆ ಇದು ಬೆಣ್ಣೆ,” ಎಂದು ಅವನು ನಕ್ಕ.

ಅಡ್ಡರಸ್ತೆ ಕೂಡುವ ಮುಂದಿನ ಮೂಲೆಯಲ್ಲಿ ಅವನು ಮೆಲ್ಲಗೆ ನಿಲ್ಲಿಸಿದಾಗ, ಯಾಕೆ ನಿಲ್ಲಿಸಿದನೆಂದು ಅವಳಿಗೆ ತಿಳಿಯಲಿಲ್ಲ. ಆಮೇಲೆ ಬಲಗಡೆಯಿಂದ ಹಾಲಿನ ವ್ಯಾನೊಂದು ಅವರ ಮೂತಿಯ ಮುಂದೆಯೇ ಹಾದುಹೋಯಿತು. ಅಷ್ಟು ದೊಡ್ಡ ವ್ಯಾನು. ತನ್ನ ಕಾರಿನಲ್ಲಿ ತಾನು ಒಂದು ವರ್ಷದಿಂದ ಬಲಗಡೆಯ ರಸ್ತೆಯನ್ನು ನೋಡುತ್ತಿರಲಿಲ್ಲ, ಇಳಿಸಿದ ಕಿಟಕಿಯಿಂದ ಅದರ ಸದ್ದನ್ನಷ್ಟೇ ಕೇಳುತ್ತಿದ್ದಳು ಎಂಬುದು ಅವಳಿಗೆ ಆಗಲೇ ಹೊಳೆದದ್ದು. ಮನೆಯ ಮುಂದೆ ಇಳಿದಳು. ಯೋಚನೆ ಮಾಡಿ ಹೇಳ್ತೀನಿ ಎಂದು ಒಳಗೆ ಹೋಗಿ ಕದ ಹಾಕಿಕೊಂಡಳು.

ಆಗ ಅವಳ ಹತ್ತಿರ ಕಲಿಯುತ್ತಿದ್ದವಳು ಸುಲೆಮಾ ಗೌನಾ ಒಬ್ಬಳೇ. ಶಾಲೆಯೊಂದರ ಊಟದ ಮನೆಯಲ್ಲಿ ಅಡುಗೆಯವಳು, ಐವತ್ತರ ಮೇಲಿನ ಗಟ್ಟಿ ಹೆಂಗಸು. ಅವಳ ಗಂಡ ರುಫೀನೊ ಲಾರಿ ಓಡಿಸುತ್ತಿದ್ದವನು. ಸಕ್ಕರೆ ಕಾಯಿಲೆಯಲ್ಲಿ ಒಂದು ಕಾಲು ತೆಗೆದಿದ್ದರು. ಅವನನ್ನು ತಾಂದಿಲ್ ಊರಿನ ಆಸ್ಪತ್ರೆಗೆ ಕರೆದೊಯ್ಯುವಾಗ ಬಸ್ಸಿನ ಮೆಟ್ಟಿಲು ಹತ್ತಿಸುವುದೇ ದೊಡ್ಡ ಪಾಡು. ಅಂಗಳದಲ್ಲಿ ಅವರ ಪಿಕಪ್ ಸುಮ್ಮನೆ ನಿಂತಿತ್ತು. ಅದನ್ನು ತಾನೇ ಓಡಿಸುತ್ತೇನೆಂದು ಸುಲೆಮಾ ಹಟ ಹಿಡಿದು ಬಂದಿದ್ದಳು. ಆದರೆ ಸ್ಟಿಯರಿಂಗ್ ಮುಂದೆ ಕೂತರೆ ಆ ಹಟವೆಲ್ಲ ಎಲ್ಲಿಗೋ ಹೋಗುತ್ತಿತ್ತು. ಪ್ರತಿ ಮೂಲೆಯಲ್ಲೂ ಇರ್ಮಾಳ ಮುಖ ನೋಡುವಳು.

ಒಂದು ದಿನ ದಕ್ಷಿಣದ ಗಾಳಿ ಬೀಸುತ್ತಿತ್ತು. ಹಿಟ್ಟಿನ ಗಿರಣಿಯ ಮೂಲೆಗೆ ಬರುವಾಗ ಇಳಿಸಿದ ಕಿಟಕಿಯಲ್ಲಿ ಗಾಳಿಯ ಸದ್ದು ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ. ಇರ್ಮಾ ಬಲಕ್ಕೆ ನೋಡಿದಳು, ಏನೂ ಇರಲಿಲ್ಲ. “ಹೋಗು” ಎಂದಳು. ಸುಲೆಮಾ ಹೊರಟವಳು ತಟ್ಟನೆ ಬ್ರೇಕ್ ತುಳಿದಳು. ಎಂಜಿನ್ ಒಮ್ಮೆ ಜಿಗಿದು ಆರಿತು. ಬಂಪರಿಗೆ ಒಂದು ಮೊಳ ಮುಂದೆ, ಹ್ಯಾಂಡಲಿಗೆ ಬ್ರೆಡ್ಡಿನ ಚೀಲ ತೂಗುಹಾಕಿಕೊಂಡ ಮುದುಕನೊಬ್ಬ ಸೈಕಲ್ಲಿನಿಂದ ಕಾಲೂರಿ ನಿಂತಿದ್ದ.

“ಕಣ್ಣು ಮನೇಲಿ ಬಿಟ್ಟು ಬಂದಿದೀರಾ ಹೆಂಗೆ?” ಎಂದು ಗೊಣಗಿ, ಪೆಡಲ್ ತುಳಿದು ಹೋದ.

ಸುಲೆಮಾ ಅವನು ಮರೆಯಾಗುವವರೆಗೂ ನೋಡಿದಳು. ಆಮೇಲೆ ಅವಳ ಮುಖದಲ್ಲಿ ನಗು ಬಂತು.

“ನೀವು ಬೇಕಂತಲೇ ಬ್ರೇಕ್ ತುಳೀಲಿಲ್ಲ, ಅಲ್ವಾ ದೋನ್ಯಾ ಇರ್ಮಾ? ‘ಹೋಗು’ ಅಂದು ಪರೀಕ್ಷೆ ಮಾಡಿದ್ರಿ. ನಾನೇ ನೋಡ್ತೀನೋ ಇಲ್ವೋ ಅಂತ.”

ಇರ್ಮಾ ರಸ್ತೆಯ ಕಡೆಗೇ ನೋಡುತ್ತಿದ್ದಳು. “ಹೂಂ,” ಎಂದಳು.

ಆ ಒಂದು ‘ಹೂಂ’ ಸುಲೆಮಾಳನ್ನು ಬೇರೆಯೇ ಹೆಂಗಸಾಗಿ ಮಾಡಿತು. ಅಂದಿನಿಂದ ಮೂಲೆಗಳಲ್ಲಿ ಇರ್ಮಾಳ ಮುಖ ನೋಡುವುದನ್ನೇ ಬಿಟ್ಟಳು. ಬ್ರೆಡ್ಡಿನಂಗಡಿಯಲ್ಲಿ ನಿಂತು ಎಲ್ಲರಿಗೂ ಅದನ್ನೇ ಹೇಳಿದಳು. ನಾನೂ ಕೇಳಿಸಿಕೊಂಡು ಬಂದು ಇರ್ಮಾಳಿಗೆ ಒಪ್ಪಿಸಿದೆ: “ನಿನ್ನ ಹೊಗಳಿದ್ದೇ ಹೊಗಳಿದ್ದು ಮಾರಾಯ್ತಿ. ಕಾಲು ಕದಲಿಸದೆ ಕೂತಿದ್ರು, ಅಷ್ಟು ನಂಬಿಕೆ ನನ್ನ ಮೇಲೆ ಅಂತಾಳೆ.” ಅವಳ ಮುಖ ಸುಣ್ಣದಂತಾಯಿತು. ನನಗೆ ಯಾಕೆಂದು ತಿಳಿಯಲಿಲ್ಲ.

ಮಾರನೆಯ ದಿನ ತಲೆನೋವೆಂದು ಪಾಠ ನಿಲ್ಲಿಸಿ, ಇರ್ಮಾ ಬಸ್ಸು ಹತ್ತಿ ತಾಂದಿಲ್‌ಗೆ ಹೋದಳು. ನಮ್ಮೂರಿನಲ್ಲೂ ಕಣ್ಣಿನ ಡಾಕ್ಟರಿದ್ದಾರೆ, ಆದರೆ ಅವರ ಹೆಂಡತಿಗೆ ಕಾರು ಕಲಿಸಿದವಳು ಇವಳೇ.

ಕತ್ತಲ ಪೆಟ್ಟಿಗೆಯೊಂದಕ್ಕೆ ಗಲ್ಲ ಆನಿಸಿ ಕೂರಿಸಿದರು. ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಗುಂಡಿ ಒತ್ತಬೇಕು. ನಡುನಡುವೆ ತುಂಬ ಹೊತ್ತು ಒಂದೂ ಚುಕ್ಕಿ ಬಾರದಿದ್ದಾಗ, ಬರುತ್ತಿದ್ದೂ ತನಗೆ ಕಾಣುತ್ತಿಲ್ಲ ಎಂದು ಅವಳಿಗೆ ಗೊತ್ತಾಯಿತು. ಸುಮ್ಮಸುಮ್ಮನೆ ಒತ್ತಿಬಿಡಲೇ ಎಂದೂ ಅನಿಸಿತು. ಒತ್ತಲಿಲ್ಲ.

ಕಣ್ಣಿನೊಳಗಿನ ಒತ್ತಡ ಏರಿ ಬಲಗಣ್ಣಿನ ನರ ಕೆಟ್ಟಿದೆ, ಎಡಗಣ್ಣಿಗೂ ಸ್ವಲ್ಪ ಶುರುವಾಗಿದೆ ಎಂದರು ಡಾಕ್ಟರು. ಹೋದದ್ದು ಬರುವುದಿಲ್ಲ, ಹನಿ ಹಾಕುತ್ತಿದ್ದರೆ ಇದ್ದದ್ದು ಉಳಿಯಬಹುದು.

“ನಗರಸಭೆ ಪರೀಕ್ಷೇಲಿ ಫೇಲಾಗ್ತೀನಾ?”

“ಅಲ್ಲೇನು ನೋಡ್ತಾರೆ?”

“ಗೋಡೆ ಮೇಲಿನ ಅಕ್ಷರ ಓದಿಸ್ತಾರೆ.”

“ಹಾಗಾದ್ರೆ ಪಾಸಾಗ್ತೀರಿ. ಅಕ್ಷರಾನ ನನಗಿಂತ ಚೆನ್ನಾಗಿ ಓದ್ತೀರಿ ನೀವು.”

ಇಷ್ಟು ದಿನ ಎದೆ ಹಿಂಡಿದ್ದ ಭಯ ಅದೊಂದೇ ಆಗಿತ್ತು. ಅದು ಹೋದರೆ ಹಗುರಾಗಬೇಕಿತ್ತಲ್ಲವೆ? ಹಾಗಾಗಲಿಲ್ಲ. ಕೈಯಲ್ಲಿದ್ದ ಪರ್ಸಿನ ಕೊಂಡಿಯನ್ನು ಹಾಕಿ ತೆಗೆದು ಮಾಡುತ್ತ ಅವಳು ಕೇಳಿದಳು: “ನಾನು ಕಾರು ಕಲಿಸೋಳು, ಡಾಕ್ಟ್ರೆ. ಕಲಿಸ್ಬಹುದಾ?”

ಡಾಕ್ಟರು ಬರೆಯುತ್ತಿದ್ದದ್ದನ್ನು ನಿಲ್ಲಿಸಿದರು. “ನನ್ನ ಮಗಳನ್ನ ನಿಮ್ಮ ಹತ್ತಿರ ಕಳಿಸ್ತಿರಲಿಲ್ಲ,” ಎಂದರು.

ವಾಪಸು ಬರುವಾಗ ಬಸ್ಸಿನ ಕಿಟಕಿಯಲ್ಲಿ ಬಯಲು ಹಿಂದೆ ಸರಿಯುತ್ತಿತ್ತು. ಅವಳು ಒಂದು ಕಣ್ಣು ಮುಚ್ಚುವಳು, ಇನ್ನೊಂದು ಮುಚ್ಚುವಳು. ಯಾರೂ ತಡೆಯುವುದಿಲ್ಲ. ಚೀಟಿ ಸಿಗುತ್ತದೆ, ಹೊಸ ಕಾರು ಸಿಗುತ್ತದೆ, ಪರವಾನಗಿಯೂ ಸಿಗುತ್ತದೆ. ಕಿಟಕಿ ಇಳಿಸಿಕೊಂಡು ಇನ್ನೆರಡು ವರ್ಷ ದೂಡಬಹುದು. ಗಾಳಿ ಬೀಸಿದ ದಿನ ರಜೆ ಎನ್ನಬಹುದು. ಹೀಗೆ ಲೆಕ್ಕ ಹಾಕುತ್ತಿದ್ದಂತೆ ಸೈಕಲ್ಲಿನ ಮುದುಕನ ಬ್ರೆಡ್ಡಿನ ಚೀಲ ಕಣ್ಣಮುಂದೆ ಬರುತ್ತಿತ್ತು.

ಊರಿಗೆ ಬಂದರೆ ಫಾಬಿಯನ್ ಬಾಗಿಲಲ್ಲೇ ಕಾದಿದ್ದ. ದನದ ಫಾರ್ಮಿನ ಯಜಮಾನನೊಬ್ಬನಿಗೆ ಹೊಸ ಜೀಪು ಬೇಕು, ಆದರೆ ಜಜ್ಜಲು ಕೊಡುವಂಥ ಹಳೆಯ ಗಾಡಿ ಅವನಲ್ಲಿ ಇಲ್ಲ. “ಒಂದು ವೇಳೆ ನಿಮಗೆ ಹೊಸದು ಬೇಡ ಅಂದ್ರೂ ಚೀಟೀನ ಅವರು ಕೊಂಡ್ಕೋತಾರೆ. ಹೇಗೆ ಬಿದ್ರೂ ನಿಮಗೆ ನಷ್ಟ ಇಲ್ಲ. ಆದರೆ ಬೇಗ ಹೇಳಿ ದೋನ್ಯಾ ಇರ್ಮಾ, ತಿಂಗಳು ಅರ್ಧ ಕಳೀತು.”

ಫಾಬಿಯನ್‌ಗೆ ಉತ್ತರ ಹೇಳುವ ಮೊದಲು ಅವಳಿಗೆ ಸುಲೆಮಾಳೊಡನೆ ಮಾತಾಡಬೇಕಿತ್ತು. ಮುಂದಿನ ಪಾಠದಲ್ಲಿ ಹೊಳೆಯ ಪಕ್ಕದ ಪಾರ್ಕಿನಲ್ಲಿ ಮರದ ಕೆಳಗೆ ನಿಲ್ಲಿಸು ಎಂದಳು. ಎಂಜಿನ್ ಆರಿಸು ಎಂದಳು.

“ಆ ದಿನ ಗಿರಣಿ ಹತ್ರ ನಾನು ಪರೀಕ್ಷೆ ಮಾಡಲಿಲ್ಲ ಸುಲೆಮಾ. ನನಗೆ ಆ ಮನುಷ್ಯ ಕಾಣಲೇ ಇಲ್ಲ.”

ಸುಲೆಮಾಳಿಗೆ ಮೊದಲು ಅರ್ಥವಾಗಲಿಲ್ಲ. ಇರ್ಮಾ ಎಲ್ಲ ಹೇಳಿದಳು: ಬಾಗಿಲಿನ ಚೌಕಟ್ಟು, ಹಾಲಿನ ವ್ಯಾನು, ಡಾಕ್ಟರು. ಸುಲೆಮಾ ಸ್ಟಿಯರಿಂಗಿನ ಮೇಲಿಂದ ಕೈ ತೆಗೆದಳು.

“ಎಷ್ಟು ದಿನದಿಂದ?”

“ಹೋದ ವರ್ಷದಿಂದ.”

“ಅಂದ್ರೆ ನಾನು ಬಂದಾಗಿಂದ ಪಕ್ಕದಲ್ಲಿ ಯಾರೂ ಇರಲಿಲ್ಲ.” ಅವಳ ದನಿ ಏರಲಿಲ್ಲ, ಅದೇ ಇರ್ಮಾಳಿಗೆ ಹೆಚ್ಚು ಹೆದರಿಕೆ ತಂದಿತು. “ಆ ಮುದುಕನ ಮೇಲೆ ಹತ್ತಿಸಿದ್ರೆ ಜೈಲಿಗೆ ಹೋಗ್ತಿದ್ದೋಳು ನಾನು. ನನ್ನ ಗಂಡನ್ನ ಯಾರು ನೋಡ್ಕೋತಿದ್ರು? ನೀವಾ?”

ಕಾರಿನಿಂದ ಇಳಿದು, ಬಾಗಿಲನ್ನು ಹಾಕದೆಯೇ, ಹೊಳೆಯ ದಂಡೆಯ ಮೇಲೆ ನಡೆದುಹೋದಳು. ಇರ್ಮಾ ಅಲ್ಲೇ ಕೂತಿದ್ದಳು. ಮನೆಯವರೆಗೆ ತಾನೇ ಓಡಿಸಿಕೊಂಡು ಹೋಗಲೂ ಧೈರ್ಯ ಬರಲಿಲ್ಲ. ಕಾರನ್ನು ಅಲ್ಲಿಯೇ ಬಿಟ್ಟು ನಡೆದು ಬಂದು, ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು, ಮೊದಲ ಸಲ ಎಲ್ಲವನ್ನೂ ನನಗೆ ಹೇಳಿದಳು. ಹೋಗಿ ಕಾರು ತಂದವಳು ನಾನು.

ಆ ವಾರ ಅವಳು ಹೊರಗೆ ಬರಲಿಲ್ಲ. ಸುಲೆಮಾ ಊರಿಗೆಲ್ಲ ಹೇಳಿರುತ್ತಾಳೆ, ಯಾರಾದರೂ ಬಂದು ಬಾಗಿಲಲ್ಲಿ ನಿಂತು ಕೇಳುತ್ತಾರೆ ಎಂದು ಕಾಲಿಂಗ್ ಬೆಲ್ ಸದ್ದಿಗೆ ಹೆದರಿ ಕೂತಿದ್ದಳು. ಕೊನೆಗೆ ಬೆಲ್ ಆಗಿಯೇಬಿಟ್ಟಿತು. ನಾನು ಗಾಜಿನ ಹಿಂದಿನಿಂದ ನೋಡಿದೆ. ಸುಲೆಮಾ ನಿಂತಿದ್ದಳು, ಪಕ್ಕದಲ್ಲಿ ಊರುಗೋಲುಗಳ ಮೇಲೆ ಅವಳ ಗಂಡ.

“ಮುಂದಿನ ವಾರ ನನಗೆ ಪರೀಕ್ಷೆ,” ಎಂದಳು ಸುಲೆಮಾ, ನಮಸ್ಕಾರವಿಲ್ಲದೆ. “ಈ ಕಾರಿನ ಕ್ಲಚ್ ಬಿಟ್ರೆ ಬೇರೆ ಕ್ಲಚ್ ನನ್ನ ಕಾಲಿಗೆ ಗೊತ್ತಿಲ್ಲ. ನೀವು ಪಕ್ಕದಲ್ಲಿ ಕೂತ್ಕೊಳ್ಳಿ. ಬಲಗಡೆ ನೋಡೋಕೆ ಇವನು ಹಿಂದೆ ಕೂರ್ತಾನೆ. ಇವನಿಗೆ ಕಾಲಿಲ್ಲ, ಕಣ್ಣು ಚೆನ್ನಾಗಿದೆ.”

“ಬಾಯೂ ಚೆನ್ನಾಗಿದೆ,” ಎಂದ ರುಫೀನೊ.

ಹಾಗೆ ಆ ಕೊನೆಯ ಪಾಠಗಳು ನಡೆದವು. ಹಿಂದಿನ ಸೀಟಿನಲ್ಲಿ ಊರುಗೋಲುಗಳನ್ನು ಅಡ್ಡ ಹಾಕಿಕೊಂಡು ರುಫೀನೊ “ಬಲಗಡೆ ನಾಯಿ, ಬಲಗಡೆ ಖಾಲಿ, ಬಲಗಡೆ ಪಾದ್ರಿ” ಎಂದು ಕೂಗುತ್ತಿದ್ದ. ಇರ್ಮಾ ಬ್ರೇಕಿನ ಮೇಲೆ ಕಾಲಿಟ್ಟು ಅವನ ದನಿಗೇ ಕಿವಿಗೊಟ್ಟಿರುತ್ತಿದ್ದಳು. ಅಂಗಿ ಬೆನ್ನಿಗೆ ಅಂಟುವಷ್ಟು ಬೆವರುತ್ತಿದ್ದಳು. ಸುಲೆಮಾ ಅವಳನ್ನು ಕ್ಷಮಿಸಿದಳೆಂದು ಹೇಳಲಾರೆ. ಅಗತ್ಯದ ಮಾತು ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ. ಪರೀಕ್ಷೆಯಲ್ಲಿ ಪಾಸಾದಳು.

ಕಾರಿನ ವಿಷಯ ಮಾತ್ರ ಇನ್ನೂ ಉಳಿದಿತ್ತು. ರೈಲ್ವೆ ಗೇಟಿನ ಮೆಕ್ಯಾನಿಕ್, ಇದನ್ನು ಜಜ್ಜೋದು ಪಾಪ, ಇನ್ನೂ ಎಷ್ಟೋ ವರ್ಷ ಓಡತ್ತೆ ಎಂದ. ನಾನೂ ಈಗ ನನ್ನ ಮೊದಲಿನ ಮಾತು ಬದಲಿಸಿದೆ: “ಶೆಡ್ಡಲ್ಲಿ ಇರಲಿ ಬಿಡೆ. ಅದೇನು ಅನ್ನ ಕೇಳತ್ತಾ?”

ಇರ್ಮಾ ಬೇಡವೆಂದು ತಲೆಯಾಡಿಸಿದಳು. “ಶೆಡ್ಡಲ್ಲಿದ್ರೆ ಒಂದಲ್ಲ ಒಂದು ದಿನ ಯಾರೋ ಒಬ್ಬಳು ಅಳ್ತಾ ಬಂದು ಬಾಗಿಲು ತಟ್ತಾಳೆ ಕ್ಲೆಲಿಯಾ. ಗಂಡ ಬೈದ ಅಂತಾಳೆ. ನಾನು ಆಗಲ್ಲ ಅನ್ನಲ್ಲ. ನನ್ನ ನನಗೆ ಗೊತ್ತಿಲ್ವಾ?”

ತಿಂಗಳ ಕೊನೆಯ ಕೆಲಸದ ದಿನ ಫಾಬಿಯನ್‌ಗೆ ಫೋನು ಮಾಡಿ, ಚೀಟಿ ಫಾರ್ಮಿನವನಿಗೇ ಇರಲಿ, ನನಗೆ ಹೊಸದು ಬೇಡ ಎಂದಳು. ರಿಸೀವರ್ ಇಟ್ಟ ಮೇಲೆ, ತಪ್ಪು ಮಾಡಿದೆನೇನೋ, ಈಗಲೇ ಮತ್ತೆ ಫೋನು ಮಾಡಿ ಕಾರು ಕೊಡುವುದಿಲ್ಲ ಎನ್ನಲೇ ಎಂದು ಫೋನಿನ ಪಕ್ಕದಲ್ಲೇ ನಿಂತಿದ್ದಳಂತೆ.

ಜಜ್ಜುವ ಯಾರ್ಡು ಒಲಾವರ್ರಿಯಾ ರಸ್ತೆಯಲ್ಲಿ. ನಾನು ಓಡಿಸುತ್ತೇನೆಂದೆ. ಬೇಡ, ಸುಲೆಮಾಳನ್ನು ಕೇಳುತ್ತೇನೆ ಎಂದಳು. ಸುಲೆಮಾ ಒಪ್ಪಿದಳು, ಹೆದ್ದಾರಿಯಲ್ಲಿ ಅವಳು ಓಡಿಸಿದ್ದು ಅದೇ ಮೊದಲು. ಸಿಮೆಂಟಿನ ಲಾರಿಗಳು ಪಕ್ಕದಲ್ಲಿ ಗುಡುಗಿಕೊಂಡು ಹೋಗುವಾಗಲೆಲ್ಲ ಕಾರು ಅಲುಗುತ್ತಿತ್ತು. ಕಾಲು ತಾನಾಗಿ ಬ್ರೇಕಿನ ಕಡೆ ಹೋಗುತ್ತದೆಂದು ಇರ್ಮಾ ಎರಡೂ ಪಾದಗಳನ್ನು ಸೀಟಿನ ಕೆಳಗೆ ಸಿಕ್ಕಿಸಿಕೊಂಡು ಕೂತಿದ್ದಳು. ಒಂದು ಲಾರಿಯನ್ನು ಹಿಂದೆ ಹಾಕುವ ಮುನ್ನ ಸುಲೆಮಾ ಕೇಳಿದಳು:

“ಹೋಗ್ಲಾ?”

“ನನ್ನ ಕೇಳಬೇಡ.”

ಸುಲೆಮಾ ಕನ್ನಡಿ ನೋಡಿದಳು, ತಿರುಗಿಯೂ ನೋಡಿದಳು. ಹೋದಳು.

ಯಾರ್ಡಿನವನು ಕೀಲಿ ಇಸಿದುಕೊಂಡು ಒಳಗೆ ಇಣುಕಿದ. “ಇದೇನಮ್ಮ, ಎರಡೆರಡು ಬ್ರೇಕು?”

“ಕಲಿಸೋ ಕಾರು,” ಎಂದಳು ಇರ್ಮಾ.

“ಈ ಲಡಾಸು ಗಾಡೀಲಿ ಯಾರು ಕಲಿತಾರೆ?”

“ನಾನು,” ಎಂದಳು ಸುಲೆಮಾ.

ಜಜ್ಜುವುದನ್ನು ನೋಡಲು ನಿಲ್ಲಲಿಲ್ಲ. ಇಬ್ಬರೂ ರಸ್ತೆಯ ಬದಿಯಲ್ಲಿ ಗಾಳಿಗೆ ಬೆನ್ನು ಕೊಟ್ಟು ನಿಂತು ಬಸ್ಸಿಗೆ ಕೈ ಅಡ್ಡ ಹಾಕಿದರು.

ಇರ್ಮಾ ಈಗ ತನ್ನ ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿ, ಬೆಂಕಿಪೊಟ್ಟಣಗಳನ್ನು ಕಾರುಗಳಂತೆ ಇಟ್ಟು, ಬರವಣಿಗೆ ಪರೀಕ್ಷೆಗೆ ಹೋಗುವವರಿಗೆ ರಸ್ತೆಯ ನಿಯಮ ಹೇಳಿಕೊಡುತ್ತಾಳೆ. ಅದರಿಂದ ಹೆಚ್ಚೇನೂ ಹುಟ್ಟುವುದಿಲ್ಲ. ಫಾರ್ಮಿನವನು ಕೊಟ್ಟದ್ದು ಕರಗುತ್ತಿದೆ. ಬೆಳಿಗ್ಗೆ ಸಂಜೆ ಕಣ್ಣಿಗೆ ಹನಿ ಹಾಕಿಕೊಳ್ಳುತ್ತಾಳೆ. ಸುಲೆಮಾ ಗಂಡನನ್ನು ತಾಂದಿಲ್‌ಗೆ ಕರೆದೊಯ್ಯುವ ದಿನವೇ ಇವಳೂ ಕಣ್ಣು ತೋರಿಸಲು ಪಿಕಪ್ಪಿನಲ್ಲಿ ಅವರಿಬ್ಬರ ನಡುವೆ ಒತ್ತಿಕೊಂಡು ಹೋಗುತ್ತಾಳೆ. ದಾರಿಯುದ್ದಕ್ಕೂ ರುಫೀನೊ ಒಬ್ಬನೇ ಮಾತಾಡುತ್ತಾನಂತೆ. ಹೋದ ಸಲ ಡಾಕ್ಟರು, ಎಡಗಣ್ಣು ಇದ್ದ ಹಾಗೇ ಇದೆ ಎಂದರು. ಅವರು ಸಮಾಧಾನಕ್ಕೆ ಹಾಗೆ ಹೇಳಿದರೇನೋ ಎಂದು ಅವಳಿಗೆ ಅನುಮಾನ. ಮೊನ್ನೆಯೂ ನನ್ನ ಅಂಗಡಿಯ ಬಾಗಿಲಲ್ಲಿ ನಿಂತು, ಬಲಗಣ್ಣು ಕೈಯಿಂದ ಮುಚ್ಚಿಕೊಂಡು, ತನ್ನ ಎಡಗಣ್ಣಿಗೆ ಕಂಡದ್ದು ಸರಿಯೋ ಎಂದು ತಿಳಿಯಲು, ಬೀದಿಯ ಆ ತುದಿಯಲ್ಲಿ ಬರುತ್ತಿರುವುದು ಯಾರು ಹೇಳು ನೋಡೋಣ ಎಂದು ನನ್ನನ್ನೇ ಕೇಳಿದಳು. ನನಗೂ ಅದು ಯಾರೆಂದು ಸರಿಯಾಗಿ ಕಾಣಲಿಲ್ಲ.